ಬಣ್ಣ ತಪ್ಪಿದಾಗ ಯಾವ ರಬ್ಬರ್?

ಶಾಲೆಯ ಸಭಾಂಗಣದಲ್ಲಿ ಚಿತ್ರಕಲಾ ಸ್ಪರ್ಧೆ. ಎರಡು ಗಂಟೆ ಸಮಯ, ವಿಷಯ ‘ನಮ್ಮೂರ ಜಾತ್ರೆ’. ಏಳನೇ ತರಗತಿಯ ಹುಡುಗಿಯೊಬ್ಬಳು ನೆಲದ ಮೇಲೆ ಕುಳಿತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ತೇರು ಬರೆದಿದ್ದಾಳೆ. ಗಾಲಿಗಳು ಗುಂಡಗೆ ಬಂದಿವೆ, ಹಗ್ಗ ಹಿಡಿದ ಜನರ ಸಾಲು ಚೆನ್ನಾಗಿದೆ, ಕಳಶದ ಹಳದಿ ಹೊಳೆಯುತ್ತಿದೆ. ಇನ್ನು ಅರ್ಧ ಗಂಟೆ ಬಾಕಿ ಎನ್ನುವಾಗ, ಪತಾಕೆಗೆ ಕೆಂಪು ತುಂಬುತ್ತಿದ್ದ ಕೈಗೆ ಪಕ್ಕದವನ ಮೊಣಕೈ ತಾಗಿತು. ಆಕಾಶದ ನಡುಮಧ್ಯೆ ಬೆರಳುದ್ದದ ಒಂದು ಕೆಂಪು ಗೆರೆ.

ಹುಡುಗಿ ಕಂಪಾಸ್ ಬಾಕ್ಸಿನಿಂದ ರಬ್ಬರ್ ತೆಗೆದಳು. ಸ್ಟ್ರಾಬೆರಿ ಆಕಾರದ, ಸ್ಟ್ರಾಬೆರಿ ವಾಸನೆಯ ಗುಲಾಬಿ ರಬ್ಬರ್. ಉಜ್ಜಿದಳು. ಗೆರೆ ಹೋಗಲಿಲ್ಲ, ಅಗಲವಾಯಿತು. ಜೋರಾಗಿ ಉಜ್ಜಿದಳು. ಕೆಂಪು ಗೆರೆ ಗುಲಾಬಿ ಕಲೆಯಾಯಿತು, ಆಮೇಲೆ ಬೂದು ಬಣ್ಣದ ಗಾಯವಾಯಿತು. ಬೆರಳಿಗೆ ಎಂಜಲು ಹಚ್ಚಿ ಒಮ್ಮೆ ಒರೆಸಿ ಮತ್ತೆ ಉಜ್ಜಿದಾಗ ಕಾಗದ ನೂಲು ನೂಲಾಗಿ ಎದ್ದು ಕೊನೆಗೆ ತೂತಾಯಿತು. ತೇರಿನ ಮೇಲಿನ ಆಕಾಶದಲ್ಲಿ ಒಂದು ಕಿಂಡಿ!

ಮನೆಗೆ ಬಂದ ಮೇಲಿನ ಮಾತುಕತೆ ಬಹಳ ಮನೆಗಳಲ್ಲಿ ನಡೆಯುವಂಥದ್ದೇ.

“48 ಬಣ್ಣದ ಡಬ್ಬಿ ಕೊಡಿಸಿದ್ದೀನಿ. ಇನ್ನೇನು ಕಡಿಮೆ ಆಗಿತ್ತು?”

“ರಬ್ಬರ್ ಸರಿ ಇರ್ಲಿಲ್ಲ ಅಪ್ಪ.”

“ಆಹಾ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.”

ಆಮೇಲೆ ಹುಡುಗಿ ಮಾತಾಡಲಿಲ್ಲ. ಡಬ್ಬಿಯನ್ನು ಕಪಾಟಿನ ಮೇಲಿನ ಅರೆಗೆ ತಳ್ಳಿ, ‘ನಂಗೆ ಡ್ರಾಯಿಂಗ್ ಬರಲ್ಲ’ ಎಂದು ಅಮ್ಮನ ಹತ್ತಿರ ಹೇಳಿ ಮಲಗಿಬಿಟ್ಟಳು. ವಾಸ್ತವವಾಗಿ ಈ ಪ್ರಕರಣದಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು. ಆಕೆಯ ಕೈಯಲ್ಲಿದ್ದ ರಬ್ಬರ್ ಆ ಕೆಲಸಕ್ಕೆ ತಯಾರಾದದ್ದೇ ಅಲ್ಲ. ಅದಕ್ಕಿಂತ ಮುಖ್ಯವಾಗಿ, ಬಣ್ಣದ ಪೆನ್ಸಿಲನ್ನು ಸೀಸದ ಕಡ್ಡಿಯಂತೆ ಉಜ್ಜಿ ಅಳಿಸಲಾಗುವುದಿಲ್ಲ ಎಂಬುದನ್ನು ಆಕೆಗೆ ಯಾರೂ ಹೇಳಿರಲಿಲ್ಲ.

‘ಸೀಸದ ಕಡ್ಡಿ’ ಎಂದು ಹಿರಿಯರು ಕರೆಯುತ್ತಿದ್ದ ಕಪ್ಪು ಪೆನ್ಸಿಲ್ಲಿನಲ್ಲಿ ಸೀಸ ಇಲ್ಲವೇ ಇಲ್ಲ. ಅದರಲ್ಲಿರುವುದು ಗ್ರಾಫೈಟ್, ಅಂದರೆ ಇಂಗಾಲದ ಒಂದು ರೂಪ. 1795ರಲ್ಲಿ ಫ್ರಾನ್ಸಿನ ನಿಕೊಲಾ ಜಾಕ್ ಕಾಂಟೆ ಗ್ರಾಫೈಟ್ ಪುಡಿಯನ್ನು ಜೇಡಿಮಣ್ಣಿನೊಡನೆ ಕಲಸಿ ಸುಟ್ಟು ಕಡ್ಡಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಇಂದಿನ ಎಚ್‌ಬಿ, 2ಬಿ ಪೆನ್ಸಿಲ್ಲುಗಳೆಲ್ಲ ಮೂಲತಃ ಅದೇ ಪಾಕ. ಮಣ್ಣು ಹೆಚ್ಚಾದರೆ ಗಟ್ಟಿ, ಗ್ರಾಫೈಟ್ ಹೆಚ್ಚಾದರೆ ಮೆದು. ಬರೆಯುವಾಗ ಗ್ರಾಫೈಟಿನ ಸಣ್ಣ ಹಳಕುಗಳು ಕಾಗದದ ನಾರುಗಳ ಮೇಲೆ ಕೂರುತ್ತವೆ, ಅಷ್ಟೆ. ಒಳಗೆ ಇಳಿಯುವುದಿಲ್ಲ. ಕಾಗದಕ್ಕಿಂತ ಹೆಚ್ಚು ಅಂಟುವ ವಸ್ತು ಹತ್ತಿರ ಬಂದರೆ ಅದಕ್ಕೆ ಹತ್ತಿಕೊಂಡು ಹೊರಟುಬಿಡುತ್ತವೆ.

ಆ ಅಂಟುವ ವಸ್ತು ಮೊದಲು ಬ್ರೆಡ್ಡಾಗಿತ್ತು. ಯುರೋಪಿನ ಚಿತ್ರಕಾರರು ಬ್ರೆಡ್ಡಿನ ಒಳಗಿನ ಮೆತ್ತನೆಯ ಭಾಗವನ್ನು ಉಂಡೆ ಮಾಡಿ ಗೆರೆಗಳನ್ನು ಅಳಿಸುತ್ತಿದ್ದರು. ಗೋಡಂಬಿ ತಿನ್ನುವಂತೆ ಮಧ್ಯೆ ಮಧ್ಯೆ ಅದನ್ನು ತಿಂದವರೂ ಇದ್ದಿರಬೇಕು! 1770ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ, ಪೆನ್ಸಿಲ್ ಗುರುತು ಒರೆಸಲು ತಕ್ಕ ಹೊಸ ಪದಾರ್ಥವೊಂದು ಬಂದಿದೆ ಎಂದು ತನ್ನ ಪುಸ್ತಕದಲ್ಲಿ ಬರೆದ. ಆಮ್ಲಜನಕದ ಪಾಠದಲ್ಲಿ ಹೆಸರು ಬರುವ ಪ್ರೀಸ್ಟ್ಲಿಯೇ ಈತ. ಎಡ್ವರ್ಡ್ ನೇರ್ನ್ ಎಂಬ ಉಪಕರಣ ತಯಾರಕನ ಅಂಗಡಿಯಲ್ಲಿ ಅರ್ಧ ಅಂಗುಲದ ಘನಾಕಾರದ ತುಂಡಿಗೆ 3 ಷಿಲಿಂಗ್ ಬೆಲೆ. ಉಜ್ಜುವುದಕ್ಕೆ ಬಳಸುವ ವಸ್ತುವಾದ್ದರಿಂದ ಇಂಗ್ಲಿಷಿನಲ್ಲಿ ಅದಕ್ಕೆ ‘ರಬ್ಬರ್’ ಎಂದು ಹೆಸರು ಬಂತು. ಮರದ ಹಾಲಿಗೇ ಆ ಹೆಸರು ಅಂಟಿದ್ದು ಹೀಗೆ. ಟೈರು, ಚಪ್ಪಲಿ, ಚೆಂಡುಗಳೆಲ್ಲ ಪೆನ್ಸಿಲ್ ಗೆರೆ ಅಳಿಸುವ ಚೂರಿನಿಂದ ಹೆಸರು ಪಡೆದಿವೆ ಎಂದರೆ ಮಕ್ಕಳಿಗೆ ಖುಷಿಯಾಗಬಹುದು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವುದನ್ನು ಕಂಡುಹಿಡಿಯುವವರೆಗೆ ಅದು ಬಿಸಿಲಿಗೆ ಅಂಟಂಟಾಗಿ ನಾರುತ್ತಿತ್ತು.

ಇರಲಿ, ಬಣ್ಣದ ಪೆನ್ಸಿಲ್ಲಿಗೆ ಬರೋಣ. ಇದರ ಕಡ್ಡಿಯಲ್ಲಿರುವುದು ಬಣ್ಣದ ಪುಡಿ, ಅದನ್ನು ಹಿಡಿದಿಡುವ ಅಂಟು, ಒಂದಿಷ್ಟು ಬಿಳಿ ಮಣ್ಣು ಅಥವಾ ಟಾಲ್ಕ್, ಮತ್ತು ಮೇಣ ಅಥವಾ ಎಣ್ಣೆ. ಗ್ರಾಫೈಟ್ ಕಡ್ಡಿಯಂತೆ ಇದನ್ನು ಕುಲುಮೆಯಲ್ಲಿ ಸುಡುವುದಿಲ್ಲ, ಸುಟ್ಟರೆ ಮೇಣವೂ ಇಲ್ಲ ಬಣ್ಣವೂ ಇಲ್ಲ. ಬರೆಯುವಾಗ ಮೇಣವು ಬಣ್ಣದ ಪುಡಿಯನ್ನು ಎತ್ತಿಕೊಂಡು ಹೋಗಿ ಕಾಗದದ ತರಿಗಳ ನಡುವೆ ಕೂರಿಸುತ್ತದೆ. ಇದರ ಮೇಲೆ ರಬ್ಬರ್ ಉಜ್ಜಿದರೆ ಏನಾಗುತ್ತದೆ? ಉಜ್ಜಿದ ಬಿಸಿಗೆ ಮೇಣ ಮೆದುವಾಗುತ್ತದೆ, ಹರಡುತ್ತದೆ, ತರಿಗಳ ತಳಕ್ಕೆ ಇನ್ನಷ್ಟು ಇಳಿಯುತ್ತದೆ. ದೋಸೆ ಕಾವಲಿಗೆ ಎಣ್ಣೆ ಸವರಿದಂತೆಯೇ. ಹುಡುಗಿ ಅಳಿಸುತ್ತಿದ್ದೇನೆ ಎಂದುಕೊಂಡಿದ್ದಳು, ನಿಜಕ್ಕೂ ಆಕೆ ಕೆಂಪು ಬಣ್ಣವನ್ನು ಕಾಗದಕ್ಕೆ ಸವರುತ್ತಿದ್ದಳು.

ಹಾಗಾಗಿ ಬಣ್ಣದ ಪೆನ್ಸಿಲ್ ಹಿಡಿದವರು ಒಂದು ಮಾತನ್ನು ನೆನಪಿಡಬೇಕು: ಮೊದಲು ಎತ್ತಬೇಕು, ಉಜ್ಜುವುದು ಆಮೇಲೆ. ಯಾವ ರಬ್ಬರ್ ಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ.

ಎತ್ತುವ ಕೆಲಸಕ್ಕೆ ಹೇಳಿ ಮಾಡಿಸಿದ್ದು ನಾದುವ ರಬ್ಬರ್. ಅಂಗಡಿಯಲ್ಲಿ ‘ನೀಡಬಲ್ ಎರೇಸರ್’ ಎಂದು ಕೇಳಬೇಕು. ಬೂದು ಬಣ್ಣದ ಸಣ್ಣ ಬಿಲ್ಲೆ, ನೋಡಲು ಹೋಳಿಗೆಯ ಕಣಕದ ಉಂಡೆ. ಚಪಾತಿ ಹಿಟ್ಟಿನಂತೆ ಎಳೆಯಬಹುದು, ಮಡಚಬಹುದು, ತುದಿಯನ್ನು ಅಕ್ಕಿಕಾಳಿನಷ್ಟು ಚೂಪು ಮಾಡಬಹುದು. ಇದನ್ನು ಉಜ್ಜುವುದಿಲ್ಲ. ತಪ್ಪಿದ ಬಣ್ಣದ ಮೇಲೆ ಒತ್ತಿ, ನೇರವಾಗಿ ಮೇಲಕ್ಕೆ ಎತ್ತಬೇಕು. ಒತ್ತಿದಾಗಲೆಲ್ಲ ಒಂದಿಷ್ಟು ಬಣ್ಣ ಅದಕ್ಕೆ ಹತ್ತಿಕೊಳ್ಳುತ್ತದೆ. ಆ ಭಾಗವನ್ನು ಒಳಗೆ ಮಡಚಿ, ನಾದಿ, ಹೊಸ ಮುಖ ತೆಗೆದು ಮತ್ತೆ ಒತ್ತುವುದು. ಹತ್ತು ಸಲ, ಇಪ್ಪತ್ತು ಸಲ ಬೇಕಾದೀತು. ಪುಡಿ ಉದುರುವುದಿಲ್ಲ, ಕಾಗದಕ್ಕೆ ನೋವಾಗುವುದಿಲ್ಲ. ಒಂದು ಮಸಾಲೆ ದೋಸೆಯ ದುಡ್ಡಿಗೆ ಬರುವ ಈ ಉಂಡೆ ಬಹಳ ಕಾಲ ಬಾಳುತ್ತದೆ. ಬಣ್ಣ ಕುಡಿದು ಕುಡಿದು ಕಪ್ಪಾಗಿ ನಾದಲು ಬಾರದಂತಾದಾಗ ಎಸೆದರಾಯಿತು. ದೂಳು ತಾಗದ ಡಬ್ಬಿಯಲ್ಲಿಡಬೇಕು, ಕಂಪಾಸ್ ಬಾಕ್ಸಿನಲ್ಲಿ ಹಾಗೇ ಬಿಟ್ಟರೆ ತಲೆಗೂದಲು, ಬಿಸ್ಕತ್ತಿನ ಪುಡಿ ಎಲ್ಲವೂ ಅದರೊಳಗೆ ಸೇರಿಕೊಳ್ಳುತ್ತವೆ. ಸಣ್ಣ ತರಗತಿಯ ಮಕ್ಕಳ ಕೈಗೆ ಕೊಟ್ಟರೆ ಅದು ಗಣಪತಿಯಾಗುತ್ತದೆಯೇ ಹೊರತು ರಬ್ಬರ್ ಆಗಿ ಉಳಿಯುವುದಿಲ್ಲ ಎಂಬುದು ಬೇರೆ ಮಾತು.

ಎರಡನೆಯದು ಬಿಳಿಯ ಪ್ಲಾಸ್ಟಿಕ್ ರಬ್ಬರ್. ಹೆಸರಿಗೆ ರಬ್ಬರ್, ನಿಜವಾಗಿ ವಿನೈಲ್. ನಾದುವ ರಬ್ಬರ್ ಎತ್ತಬಹುದಾದಷ್ಟನ್ನು ಎತ್ತಿದ ಮೇಲೆ ಉಳಿದ ತೆಳು ಛಾಯೆಗೆ ಇದು ಬೇಕು. ಇದನ್ನು ಬಳಸುವಾಗಲೂ ಹಿಂದೆ ಮುಂದೆ ಉಜ್ಜದೆ, ಒಂದೇ ದಿಕ್ಕಿಗೆ, ಹಗುರವಾಗಿ, ಸಣ್ಣ ಸಣ್ಣದಾಗಿ ಎಳೆಯಬೇಕು. ಪ್ರತಿ ಸಲವೂ ರಬ್ಬರಿನ ಮುಖವನ್ನು ಬೇರೆ ಹಾಳೆಯ ಮೇಲೆ ಉಜ್ಜಿ ಶುಚಿ ಮಾಡಿಕೊಳ್ಳುವುದು ಕಡ್ಡಾಯ. ಮೊದಲು ಅಳಿಸಿದ ನೀಲಿಯನ್ನು ಹೊತ್ತುಕೊಂಡೇ ಹಳದಿಯ ಮೇಲೆ ಹೋದರೆ ಹಸಿರು ಬಳಿದು ಬರುತ್ತದೆ. ರಬ್ಬರಿನ ಮೂಲೆ ಸವೆದು ಗುಂಡಗಾದರೆ, ದೊಡ್ಡವರು ಬ್ಲೇಡಿನಿಂದ ಒಂದು ಹೋಳು ಕತ್ತರಿಸಿ ಹೊಸ ಮೂಲೆ ಮಾಡಿಕೊಡಬೇಕು. ಚಿತ್ರಗಾರನಿಗೆ ಬೇಕಾದದ್ದು ರಬ್ಬರಿನ ಮೂಲೆ, ಹೊಟ್ಟೆಯಲ್ಲ.

ಇನ್ನು ಕೊಳ್ಳಬಾರದವುಗಳ ಸಂಗತಿ. ಹಣ್ಣು, ಐಸ್‌ಕ್ರೀಂ, ಕಾರು, ಕಾರ್ಟೂನಿನ ಆಕಾರದ ವಾಸನೆಯ ರಬ್ಬರುಗಳು ಆಟಿಕೆಗಳು. ಅವುಗಳಲ್ಲಿ ಬಹಳಷ್ಟು ಗಟ್ಟಿಯಾಗಿದ್ದು ಜಾರುತ್ತವೆ, ಕೆಲವು ತಮ್ಮದೇ ಬಣ್ಣವನ್ನು ಕಾಗದಕ್ಕೆ ಬಿಟ್ಟುಬರುತ್ತವೆ. ಅಲ್ಲದೆ ತಿಂಡಿಯಂತೆ ಕಂಡು ತಿಂಡಿಯಂತೆ ನಾರುವ ವಸ್ತು ಮನೆಯ ಪುಟ್ಟ ಮಗುವಿನ ಬಾಯಿಗೆ ಹೋಗುವ ಅಪಾಯವೂ ಇದೆ. ಅರ್ಧ ಕೆಂಪು ಅರ್ಧ ನೀಲಿ ರಬ್ಬರ್ ಇನ್ನೊಂದು. ನೀಲಿ ತುದಿ ಇಂಕನ್ನೂ ಅಳಿಸುತ್ತದೆ ಎಂಬ ಕೀರ್ತಿ ಅದಕ್ಕೆ ತಲೆಮಾರುಗಳಿಂದ ಇದೆ. ಅಳಿಸುವುದೇನೋ ನಿಜ, ಆದರೆ ಅದರಲ್ಲಿ ಬೆರೆಸಿರುವ ಗರಗರ ಪುಡಿ ಕಾಗದದ ಮೇಲ್ಪದರವನ್ನೇ ಹೆರೆಯುತ್ತದೆ. ಕಾಗದದ ಸಿಪ್ಪೆ ಸುಲಿದು ಇಂಕು ಹೋಯಿತು ಎನ್ನುವ ಲೆಕ್ಕ ಅದು. ಚಿತ್ರದ ಹಾಳೆಯ ಹತ್ತಿರಕ್ಕೂ ಅದನ್ನು ತರಬಾರದು. ಬ್ಯಾಟರಿಯಿಂದ ತಿರುಗುವ ರಬ್ಬರುಗಳೂ ಈಗ ಸಿಗುತ್ತವೆ. ಬೆಕ್ಕಿನ ಕಣ್ಣಿನ ಹೊಳಪಿನಂಥ ಚುಕ್ಕೆ ತೆಗೆಯಲು ಬಲು ಚೆನ್ನ, ಆದರೆ ಕೈ ಹಗುರಾಗುವವರೆಗೆ ಬೇಡ. ಒಂದು ಕ್ಷಣ ಹೆಚ್ಚು ಒತ್ತಿದರೆ ಮತ್ತೆ ಅದೇ ಕಿಂಡಿ.

ಅಂಗಡಿಗೆ ಹೋಗದೆಯೇ ಸಿಗುವ ಸಾಧನವೊಂದಿದೆ. ಅದು ಅಂಟುಪಟ್ಟಿ. ಪಾರ್ಸೆಲ್ಲಿಗೆ ಸುತ್ತುವ ಕಂದು ಟೇಪು ಖಂಡಿತ ಅಲ್ಲ, ಅದು ಕಾಗದವನ್ನೇ ಕಿತ್ತುಕೊಂಡು ಬರುತ್ತದೆ. ಮಾಸ್ಕಿಂಗ್ ಟೇಪು ಅಥವಾ ಮಾಸಲು ಬಿಳಿಯ ಮ್ಯಾಜಿಕ್ ಟೇಪು ಆಗಬೇಕು. ಚೂರು ಟೇಪನ್ನು ಮೊದಲು ಅಂಗಿಯ ತೋಳಿಗೆ ಎರಡು ಸಲ ಅಂಟಿಸಿ ಕಿತ್ತರೆ ಅದರ ಅಂಟು ಸ್ವಲ್ಪ ತಗ್ಗುತ್ತದೆ. ಬಳಿಕ ತಪ್ಪಿದ ಜಾಗದ ಮೇಲೆ ಒತ್ತದೆ, ಸುಮ್ಮನೆ ಮಲಗಿಸಬೇಕು. ಇಂಕು ಮುಗಿದ ರೀಫಿಲ್ಲಿನ ತುದಿಯಿಂದ ಎಷ್ಟು ಗೆರೆ ತೆಗೆಯಬೇಕೋ ಅಷ್ಟರ ಮೇಲೆ ಮಾತ್ರ ತಿದ್ದಿ, ಟೇಪನ್ನು ನಿಧಾನವಾಗಿ ಎತ್ತಿದರೆ ಬಣ್ಣ ಟೇಪಿಗೆ ಬಂದಿರುತ್ತದೆ. ಗೆರೆಯ ಸುತ್ತಲಿನ ಬಣ್ಣ ಅಲುಗುವುದಿಲ್ಲ. ಕಡು ಬಣ್ಣದ ಮೇಲೆ ಮಳೆಯ ಎಳೆ, ಹುಲ್ಲಿನ ಗರಿ ಮೂಡಿಸಲು ಕೆಲವರು ಬೇಕೆಂದೇ ಹೀಗೆ ಮಾಡುತ್ತಾರೆ.

ಇಷ್ಟಾದರೂ ಪೂರ್ತಿ ಬಿಳಿ ಬರುವುದೇ? ಇಲ್ಲ. ಹಗುರವಾಗಿ ಹಾಕಿದ ಬಣ್ಣ ಬಹುಪಾಲು ಹೋಗುತ್ತದೆ. ಒತ್ತಿ ಬಳಿದ ಕೆಂಪು, ಕಡುನೀಲಿಗಳು ಸ್ವಲ್ಪವಾದರೂ ಉಳಿಯುತ್ತವೆ. ‘ಅಳಿಸಬಹುದಾದ ಬಣ್ಣದ ಪೆನ್ಸಿಲ್’ ಎಂದು ಬರೆದಿರುವ ಡಬ್ಬಿಗಳೂ ಮಾರುಕಟ್ಟೆಯಲ್ಲಿವೆ. ಸಣ್ಣ ಮಕ್ಕಳಿಗೆ, ನಕ್ಷೆಗೆ ಬಣ್ಣ ತುಂಬುವುದಕ್ಕೆ ಅವು ಒಳ್ಳೆಯವೇ. ಸುಲಭವಾಗಿ ಬಿಡುವ ಬಣ್ಣ ಸುಲಭವಾಗಿ ಹಿಡಿಯುವುದೂ ಇಲ್ಲವಾದ್ದರಿಂದ, ಪದರದ ಮೇಲೆ ಪದರ ಏರಿಸಿ ಚಿತ್ರ ಬರೆಯುವ ಹಂತಕ್ಕೆ ಬಂದ ಮಕ್ಕಳಿಗೆ ಅವು ಸಾಲವು. ನೀರಿನಲ್ಲಿ ಕರಗುವ ಬಣ್ಣದ ಪೆನ್ಸಿಲ್ಲುಗಳ ಸಂಗತಿ ಬೇರೆ. ಅವುಗಳ ಗೆರೆ ಒಣಗಿದ್ದಾಗ ಎತ್ತಬಹುದು, ಒಮ್ಮೆ ಕುಂಚದ ನೀರು ತಾಗಿದರೆ ಅದು ಜಲವರ್ಣವೇ. ಆ ಕಾರಣಕ್ಕೇ ಎಂಜಲು ಬೆರಳು ನಿಷಿದ್ಧ!

ಹೀಗಿರುವುದರಿಂದ ಪಳಗಿದವರು ಅಳಿಸುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುತ್ತಾರೆ. ಎಚ್‌ಬಿ ಪೆನ್ಸಿಲ್ಲಿನಲ್ಲಿ ಬರೆದ ಮೊದಲ ನಕ್ಷೆಯ ಮೇಲೆ ನಾದುವ ರಬ್ಬರನ್ನು ಲಟ್ಟಣಿಗೆಯಂತೆ ಉರುಳಿಸಿ, ಗೆರೆಗಳು ಕಂಡೂ ಕಾಣದಷ್ಟು ತಿಳಿಯಾದ ಮೇಲೆಯೇ ಬಣ್ಣ ಶುರು ಮಾಡುತ್ತಾರೆ. ಇಲ್ಲದಿದ್ದರೆ ಮೇಣದ ಬಣ್ಣ ಗ್ರಾಫೈಟನ್ನು ಕೆಳಗೇ ಮುಚ್ಚಿಬಿಡುತ್ತದೆ, ಆಮೇಲೆ ಅದು ಯಾವ ರಬ್ಬರಿಗೂ ಸಿಗದು. ಮಕ್ಕಳು ಬರೆದ ಸೂರ್ಯ ಎಷ್ಟೋ ಸಲ ಪಾಚಿಗಟ್ಟಿದಂತೆ ಕಾಣುವುದೇಕೆಂದರೆ ಹಳದಿಯು ಕೆಳಗಿನ ಗ್ರಾಫೈಟನ್ನು ಕಲಸಿಕೊಂಡಿರುತ್ತದೆ.

ಬಿಳಿ ಬಣ್ಣದ ಪೆನ್ಸಿಲ್ ಕೂಡ ತಪ್ಪನ್ನು ಮುಚ್ಚುವುದಿಲ್ಲ. ಬಣ್ಣದ ಪೆನ್ಸಿಲ್ಲಿನ ಪದರ ಅರೆಪಾರದರ್ಶಕ, ಕೆಂಪಿನ ಮೇಲೆ ಬಿಳಿ ಹಾಕಿದರೆ ಗುಲಾಬಿಯಾಗುತ್ತದೆ. ಬಿಳಿ ಬೇಕಾದ ಕಡೆ ಕಾಗದದ ಬಿಳಿಯನ್ನೇ ಉಳಿಸಿಕೊಳ್ಳಬೇಕು. ಬೆಕ್ಕಿನ ಮೀಸೆ, ಅಜ್ಜಿಯ ನರೆಗೂದಲಿನಂಥ ಸಣ್ಣ ಗೆರೆಗಳಿಗೆ ಆ ಮುಗಿದ ರೀಫಿಲ್ಲೇ ಸಾಕು. ಬಣ್ಣ ಹಾಕುವುದಕ್ಕೆ ಮುಂಚೆ ಅದರಿಂದ ಕಾಗದದ ಮೇಲೆ ಒತ್ತಿ ಗೆರೆ ಎಳೆದು, ಆಮೇಲೆ ಪೆನ್ಸಿಲ್ಲನ್ನು ಅಡ್ಡಲಾಗಿ ಹಿಡಿದು ಬಣ್ಣ ಬಳಿದರೆ ತಗ್ಗಿನಲ್ಲಿರುವ ಗೆರೆಗಳು ಬಿಳಿಯಾಗಿಯೇ ಉಳಿಯುತ್ತವೆ. ಮಕ್ಕಳಿಗೆ ಇದನ್ನೊಮ್ಮೆ ತೋರಿಸಿದರೆ ಮನೆಯ ಹಾಳೆಗಳೆಲ್ಲ ಬೆಕ್ಕುಗಳಿಂದ ತುಂಬುತ್ತವೆ.

ರಬ್ಬರಿನಷ್ಟೇ ಅಲಕ್ಷ್ಯಕ್ಕೆ ಒಳಗಾದ ಇನ್ನೊಂದು ಸಾಧನ ಮೆಂಡರ್. ಬಣ್ಣದ ಪೆನ್ಸಿಲ್ಲಿನ ಕಡ್ಡಿ ಕಪ್ಪು ಪೆನ್ಸಿಲ್ಲಿನದಕ್ಕಿಂತ ಮೆದು. ಮೊಂಡಾದ ಬ್ಲೇಡು ಮರವನ್ನು ಕತ್ತರಿಸುವುದಿಲ್ಲ, ಸಿಗಿಯುತ್ತದೆ. ಆ ಎಳೆತಕ್ಕೆ ಒಳಗಿನ ಕಡ್ಡಿ ಮುರಿಯುತ್ತದೆ. ಡಬ್ಬಿಯ ಜೊತೆ ಉಚಿತವಾಗಿ ಬರುವ ಪ್ಲಾಸ್ಟಿಕ್ ಮೆಂಡರಿನಲ್ಲಿ ಮೊದಲ ವಾರವೇ ಅರ್ಧ ಕೆಂಪು ಖರ್ಚಾಗುವುದು ಹೀಗೆ. ಹೆತ್ತವರು ‘ಪೆನ್ಸಿಲ್ ಕಳಪೆ’ ಎನ್ನುತ್ತಾರೆ, ಕಳಪೆ ಇರುವುದು ಮೆಂಡರ್. ಲೋಹದ ಮೈಯಿರುವ, ಬ್ಲೇಡು ಬದಲಿಸಬಹುದಾದ ಮೆಂಡರ್ ಒಂದನ್ನು ಕೊಂಡು, ಬಣ್ಣದ ಪೆನ್ಸಿಲ್ಲಿಗೆಂದೇ ಬೇರೆ ಇಟ್ಟುಕೊಳ್ಳುವುದು ಲೇಸು. ಕಪ್ಪು ಪೆನ್ಸಿಲ್ಲನ್ನೂ ಅದರಲ್ಲೇ ಹೆರೆದರೆ ಗ್ರಾಫೈಟ್ ಪುಡಿ ಮುಂದಿನ ಹಳದಿಗೆ ಮೆತ್ತಿಕೊಳ್ಳುತ್ತದೆ.

ಮೆಂಡರ್ ಚೆನ್ನಾಗಿದ್ದರೂ ಮೊನೆ ಮತ್ತೆ ಮತ್ತೆ ಮುರಿಯುತ್ತಿದೆಯೆ? ಆ ಪೆನ್ಸಿಲ್ ಎಂದೋ ನೆಲಕ್ಕೆ ಬಿದ್ದಿದೆ ಎಂದು ತಿಳಿಯಬೇಕು. ಬಿದ್ದ ಪೆಟ್ಟಿಗೆ ಮರ ಹಾಗೇ ಇದ್ದು ಒಳಗಿನ ಕಡ್ಡಿ ಎರಡು ಮೂರು ಕಡೆ ತುಂಡಾಗಿರುತ್ತದೆ. ಶಾಲೆಯ ಚೀಲದಲ್ಲಿ ಸಡಿಲವಾಗಿ ಹಾಕಿದರೂ ಇದೇ ಗತಿ. ಮನೆಯಲ್ಲೇ ಹೊಲಿದ ಬಟ್ಟೆಯ ಸುರುಳಿ, ಒಂದೊಂದು ಪೆನ್ಸಿಲ್ಲಿಗೆ ಒಂದೊಂದು ಕಿಸೆ, ತಗಡಿನ ಡಬ್ಬಿಗಿಂತ ಮೇಲು. ನಮ್ಮ ದೇಶದ ಪೆನ್ಸಿಲ್ಲುಗಳಿಗೆ ಮರದ ಪಟ್ಟಿ ಬಹುಮಟ್ಟಿಗೆ ಕಾಶ್ಮೀರದ ಪುಲ್ವಾಮಾ ಜಿಲ್ಲೆಯ ಪಾಪ್ಲರ್ ಮರಗಳಿಂದ ಬರುತ್ತದೆ. ಅಷ್ಟು ದೂರದಿಂದ ಬಂದದ್ದನ್ನು ಹೆರೆದು ಹೆರೆದು ಕಸದ ಬುಟ್ಟಿಗೆ ಹಾಕುವುದು ಸರಿಯಲ್ಲ. ಮೊನೆ ಸ್ವಲ್ಪ ಮಂಡಾದಾಗ ಮೆಂಡರ್ ಬೇಡವೇ ಬೇಡ, ಬಡಗಿಯ ಉಪ್ಪು ಕಾಗದದ ನಯವಾದ ಚೂರಿನ ಮೇಲೆ ತಿರುಗಿಸಿ ತಿರುಗಿಸಿ ಎಳೆದರೆ ಮೊನೆ ಬರುತ್ತದೆ. ಇನ್ನು ಗಿಡ್ಡವಾದ ಪೆನ್ಸಿಲ್ಲನ್ನು ಹಳೆಯ ಪೆನ್ನಿನ ಕ್ಯಾಪಿಗೆ ಸಿಕ್ಕಿಸಿ ಕೊನೆಯವರೆಗೆ ಬರೆಯುವುದನ್ನು ಅಜ್ಜಂದಿರು ಹೇಳಿಕೊಡುತ್ತಾರೆ, ಕೇಳಿದರೆ.

ರಬ್ಬರ್ ಪುಡಿಯನ್ನು ಬಾಯಿಂದ ಊದಬಾರದು, ಅಂಗೈಯಿಂದ ಸವರಬಾರದು. ಊದಿದರೆ ಜೊಲ್ಲಿನ ಹನಿ, ಸವರಿದರೆ ಪುಡಿಯಲ್ಲಿರುವ ಬಣ್ಣದ ಗೀರು. ಮೆತ್ತನೆಯ ಅಗಲ ಕುಂಚವೊಂದಿದ್ದರೆ ಸಾಕು. ಕೈಯ ಕೆಳಗೆ ಯಾವಾಗಲೂ ಒಂದು ಬಿಳಿ ಹಾಳೆ ಇರಲಿ.

ಇಷ್ಟೆಲ್ಲ ಇದ್ದೂ ಕಾಗದ ತೆಳುವಾದರೆ ಪ್ರಯೋಜನವಿಲ್ಲ. ಝೆರಾಕ್ಸಿಗೆ ಬಳಸುವ ಹಾಳೆ ಚದರ ಮೀಟರಿಗೆ 70ರಿಂದ 80 ಗ್ರಾಂ ತೂಗುತ್ತದೆ. ಅದರ ಮೇಲೆ ಎರಡು ಪದರ ಬಣ್ಣವೇ ಹೆಚ್ಚು. 130 ಗ್ರಾಮಿಗೆ ಮೇಲ್ಪಟ್ಟ ಕಾರ್ಟ್ರಿಜ್ ಹಾಳೆ, ಬೆರಳಾಡಿಸಿದರೆ ಸಣ್ಣ ತರಿ ಸಿಗುವಂಥದ್ದು, ಎತ್ತುವುದಕ್ಕೂ ಉಜ್ಜುವುದಕ್ಕೂ ತಡೆದುಕೊಳ್ಳುತ್ತದೆ. ಕನ್ನಡಿಯಂತೆ ನುಣುಪಾದ ಚಾರ್ಟ್ ಹಾಳೆಯಲ್ಲಿ ಬಣ್ಣ ಕೂರಲು ಜಾಗವೇ ಇಲ್ಲ. ಸ್ಪರ್ಧೆಗಳಲ್ಲಿ ಹಾಳೆಯನ್ನು ಸಂಘಟಕರೇ ಕೊಡುವುದು ವಾಡಿಕೆ, ಅದು ಹೇಗಿರುತ್ತದೋ ಹೇಳಲಾಗದು. ಹಾಳೆ ಕೈಗೆ ಬಂದ ಕೂಡಲೇ ಹಿಂಬದಿಯ ಮೂಲೆಯಲ್ಲಿ ಒಂದು ಗೆರೆ ಎಳೆದು, ಎತ್ತಿ ನೋಡಿ, ಎಷ್ಟು ಒತ್ತಬಹುದೆಂದು ತಿಳಿದುಕೊಳ್ಳುವುದು ಜಾಣತನ. ಕಾಗದ ತೆಳುವಾಗಿದ್ದರೆ ಆ ದಿನ ರಬ್ಬರಿನ ಆಸೆ ಬಿಡಬೇಕು.

ಹೆತ್ತವರ ಜೇಬಿನ ಪ್ರಶ್ನೆಯೂ ಇದೆ. 48 ಬಣ್ಣದ ಡಬ್ಬಿ ನೋಡಲು ಚೆಂದ, ಹುಟ್ಟುಹಬ್ಬಕ್ಕೆ ಕೊಡಲು ಇನ್ನೂ ಚೆಂದ. ಆದರೆ ಅಗ್ಗದ 48ರಲ್ಲಿ ಬಣ್ಣಕ್ಕಿಂತ ಮಣ್ಣು ಮತ್ತು ಮೇಣವೇ ಜಾಸ್ತಿ. ಮಗು ಬಣ್ಣ ಬರಲಿ ಎಂದು ಒತ್ತುತ್ತದೆ, ಒತ್ತಿದಷ್ಟೂ ಅಳಿಸುವುದು ಕಷ್ಟ. ಅದೇ ದುಡ್ಡಿಗೆ ಒಳ್ಳೆಯ 12 ಪೆನ್ಸಿಲ್, ಒಂದು ನಾದುವ ರಬ್ಬರ್, ಒಂದು ಬಿಳಿ ರಬ್ಬರ್, ಒಂದು ಲೋಹದ ಮೆಂಡರ್, ಹತ್ತು ದಪ್ಪ ಹಾಳೆ ಬಂದಾವು. ಹನ್ನೆರಡರಲ್ಲಿ ಹಳದಿಯ ಮೇಲೆ ನೀಲಿ ಏರಿಸಿ ಹಸಿರು ಮಾಡಲು ಕಲಿತ ಮಗುವಿಗೆ ನಲವತ್ತೆಂಟರ ಹಂಬಲ ತಾನಾಗಿಯೇ ತಗ್ಗುತ್ತದೆ. ಸ್ಟೇಷನರಿ ಅಂಗಡಿಯವರು ಮಾತ್ರ ಇದನ್ನು ಹೇಳಲಾರರು.

ಸ್ಪರ್ಧೆಯ ಹುಡುಗಿಗೆ ಇದನ್ನೆಲ್ಲ ತಿಳಿಸಿಕೊಟ್ಟವರು ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಸೋಮವಾರ ತೂತಿನ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ ಅವರು ಬೈಯಲಿಲ್ಲ.

“ಉಜ್ಜೋಕೆ ಯಾಕೆ ಹೋದೆ ಮಗು? ಜಾತ್ರೆ ಅಂದ ಮೇಲೆ ಬಲೂನು ಮಾರೋನು ಇರಲ್ವೇನಮ್ಮ?”

“ಇರ್ತಾನೆ ಸರ್.”

“ಅವನ ಕೈಯಿಂದ ಒಂದು ಬಲೂನು ತಪ್ಪಿಸ್ಕೊಂಡು ಮೇಲೆ ಹೋಗಿದ್ರೆ?”

ಹುಡುಗಿ ಹಾಳೆಯನ್ನೇ ನೋಡುತ್ತ ನಿಂತಳು. ಬೆರಳುದ್ದದ ಆ ಕೆಂಪು ಗೆರೆಯನ್ನು ಗುಂಡಗೆ ಮಾಡಿ ಕೆಳಗೊಂದು ದಾರ ಎಳೆದಿದ್ದರೆ ಆಗುತ್ತಿತ್ತು. ಮೇಷ್ಟ್ರು ಮೇಜಿನ ಖಾನೆಯಿಂದ ಬೂದು ಬಣ್ಣದ ಉಂಡೆಯೊಂದನ್ನು ತೆಗೆದು, ಅರ್ಧ ಹರಿದು ಆಕೆಯ ಕೈಗೆ ಕೊಟ್ಟರು. ಹಾಳಾದ ಹಾಳೆಯ ಹಿಂಬದಿಯಲ್ಲಿ ಕೆಂಪು, ನೀಲಿ, ಹಳದಿ, ಹಸಿರು, ಕಂದು ಬಣ್ಣಗಳ ಪಟ್ಟಿ ಬಳಿದು, ಮನೆಯಲ್ಲಿರುವ ಅಷ್ಟೂ ರಬ್ಬರುಗಳಿಂದ ಒಂದೊಂದಾಗಿ ಎತ್ತಿ ನೋಡಿಕೊಂಡು ಬರುವಂತೆ ಹೇಳಿದರು.

ಆ ಭಾನುವಾರ ಊಟದ ಮೇಜಿನ ಮೇಲೆ ಈ ಪರೀಕ್ಷೆ ನಡೆಯಿತು. ಸ್ಟ್ರಾಬೆರಿ ಮೊದಲ ಸುತ್ತಿನಲ್ಲೇ ಸೋತಿತು. ನಾದುವ ಉಂಡೆ ಹಳದಿಯನ್ನು ಬಹುಪಾಲು ಎತ್ತಿತು, ಕೆಂಪನ್ನು ಅರ್ಧ. ಪೇಪರ್ ಓದುವಂತೆ ನಟಿಸುತ್ತಿದ್ದ ಅಪ್ಪ ಸ್ವಲ್ಪ ಹೊತ್ತಿಗೆ ಎದ್ದುಹೋಗಿ ಅಟ್ಟದಿಂದ ತಮ್ಮ ಡಿಪ್ಲೊಮಾ ದಿನಗಳ ಡ್ರಾಯಿಂಗ್ ಡಬ್ಬಿ ಇಳಿಸಿಕೊಂಡು ಬಂದರು. ಒಳಗೆ ಬಿಳಿ ರಬ್ಬರ್ ಪ್ಲಾಸ್ಟಿಕ್ ಸೆಟ್‌ಸ್ಕ್ವೇರಿಗೆ ಕರಗಿ ಅಂಟಿಕೊಂಡು ಕೂತಿತ್ತು. ವಿನೈಲನ್ನು ಮೆದುವಾಗಿಡಲು ಬೆರೆಸುವ ಎಣ್ಣೆಯಂಥ ರಾಸಾಯನಿಕ ವರ್ಷಗಟ್ಟಲೆ ತಾಗಿಕೊಂಡಿದ್ದ ಪ್ಲಾಸ್ಟಿಕ್ಕಿಗೆ ಇಳಿದು ಅದನ್ನೂ ಮೆದು ಮಾಡಿಬಿಡುತ್ತದೆ. ರಬ್ಬರಿಗೆ ಸುತ್ತಿಬರುವ ಕಾಗದದ ತೋಳನ್ನು ಮಕ್ಕಳು ಕಿತ್ತೆಸೆಯಬಾರದು ಎನ್ನುವುದು ಇದಕ್ಕೇ.

ಅದರಡಿಯಲ್ಲಿ ಸಿಕ್ಕಿದ್ದು ಅಂಗೈಯಗಲದ ತೆಳು ಉಕ್ಕಿನ ತಗಡು, ಮೈತುಂಬ ಬೇರೆ ಬೇರೆ ಆಕಾರದ ತೂತುಗಳು.

“ಇದೇನಪ್ಪ?”

“ಎರೇಸಿಂಗ್ ಶೀಲ್ಡ್. ತಪ್ಪಿದ ಗೆರೆ ಮಾತ್ರ ಈ ತೂತಿನಲ್ಲಿ ಕಾಣೋ ಹಾಗೆ ಇಟ್ಕೊಂಡು ಅಳಿಸೋದು. ಪಕ್ಕದ ಗೆರೆಗೆ ರಬ್ಬರ್ ತಾಗಲ್ಲ.”

“ಆವತ್ತು ರಬ್ಬರ್ರಿಗೂ ಚಿತ್ರಕ್ಕೂ ಏನೂ ಸಂಬಂಧ ಇಲ್ಲ ಅನ್ನೋ ಹಾಗೆ ಬೈದೆ?”

ಅಪ್ಪ ಉತ್ತರ ಕೊಡಲಿಲ್ಲ. ತಗಡನ್ನು ಕೆಂಪು ಪಟ್ಟಿಯ ಮೇಲಿಟ್ಟು, ಬಿಳಿ ರಬ್ಬರಿನ ಹೊಸ ಮೂಲೆಯಿಂದ ಒಂದೇ ದಿಕ್ಕಿಗೆ ನಾಲ್ಕು ಸಲ ಎಳೆದು, ಎತ್ತಿ ನೋಡಿದರು. ಕೆಂಪಿನ ನಡುವೆ ನೇರವಾದ ಒಂದು ತಿಳಿಗುಲಾಬಿ ಗೆರೆ ಮೂಡಿತ್ತು. ಹುಡುಗಿ ತಗಡನ್ನು ಅವರ ಕೈಯಿಂದ ತೆಗೆದುಕೊಂಡು ತನ್ನ ಕಂಪಾಸ್ ಬಾಕ್ಸಿಗೆ ಹಾಕಿಕೊಂಡಳು. ಸೆಟ್‌ಸ್ಕ್ವೇರಿಗೆ ಅಂಟಿದ ರಬ್ಬರನ್ನು ಮಾತ್ರ ಅಪ್ಪನ ಡಬ್ಬಿಯಲ್ಲೇ ಬಿಟ್ಟಳು.